ಕೊರಿಯರ್‌ನಲ್ಲಿ ಬಂದ ರಬ್ಬರ್, ಅಳಿವೆಯಲ್ಲಿ ನಿಂತ ಎಂಜಿನ್

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಟ್ರಾಲ್‌ಬೋಟು, ಪರ್ಸೀನ್ ಬೋಟುಗಳೆಲ್ಲ ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆಗಳಲ್ಲಿ ಕಟ್ಟಿಹಾಕಿಕೊಂಡು ಕೂತಿರುವಾಗ ಕಡಲಿಗಿಳಿಯುವವರು ನಾಡದೋಣಿಯವರು. ಹಿಂಬದಿಗೆ 10 ಅಶ್ವಶಕ್ತಿಯವರೆಗಿನ ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡ ಸಾಂಪ್ರದಾಯಿಕ ದೋಣಿಗೆ ನಮ್ಮ ರಾಜ್ಯದಲ್ಲಿ ಈ ನಿಷೇಧ ಅನ್ವಯಿಸುವುದಿಲ್ಲ. ವರ್ಷದಲ್ಲೇ ಕಡಲು ಅತಿ ಒರಟಾಗಿರುವ ತಿಂಗಳಲ್ಲಿ ಅತಿ ಸಣ್ಣ ಎಂಜಿನ್ ಹೊರಗೆ ಹೋಗುತ್ತದೆ. ಮುಂದಿನ ಎರಡು ಮೂರು ಮಳೆಗಾಲಗಳಲ್ಲಿ ಆ ಎಂಜಿನ್ನಿನೊಳಗೆ ಎಂಥ ಬಿಡಿಭಾಗ ಕೂತಿರುತ್ತದೆ, ಅದಕ್ಕೆ ಹೊಣೆ ಯಾರು ಎಂದು ಈಗಲೇ ಕೇಳಬೇಕಾಗಿದೆ. ದೋಣಿ ಮಗುಚಿದ ಮೇಲೆ ಕೇಳುವ ಪ್ರಶ್ನೆ ಇದಲ್ಲ.

ಔಟ್‌ಬೋರ್ಡ್ ನಮ್ಮ ದೇಶದ ಸರಕಲ್ಲ. ಯಮಹಾ, ಸುಜುಕಿ, ತೋಹಾತ್ಸು, ಮರ್ಕ್ಯುರಿ ಎಂದು ನಮ್ಮ ಮೀನುಗಾರರ ಬಾಯಲ್ಲಿ ಓಡಾಡುವ ಎಂಜಿನ್‌ಗಳು ಬಹುತೇಕ ಹೊರಗಿನಿಂದಲೇ ಬರುವಂಥವು. ಅವುಗಳ ಅಸಲಿ ಬಿಡಿಭಾಗವೂ ಅಲ್ಲಿಂದಲೇ, ಡೀಲರ್ ಮೂಲಕವೇ ಬರಬೇಕು. ಹಾಗಾಗಿ ಗಡಿಯಾಚೆಯಿಂದ ಪಾರ್ಟ್ಸ್ ತರಿಸುವುದರಲ್ಲಿ ಹೊಸತೇನೂ ಇಲ್ಲ. ತರಿಸುವವರು ಯಾರು ಎಂಬುದು ಮಾತ್ರ ಬದಲಾಗುತ್ತಿದೆ. ಡೀಲರ್ ಇದ್ದ ಜಾಗದಲ್ಲಿ ಈಗ ದೋಣಿಯವರ ಮನೆಯ ಹುಡುಗ, ಅವನ ಕೈಯಲ್ಲಿ ಮೊಬೈಲ್. ಪ್ರಮಾಣ ಇನ್ನೂ ಸಣ್ಣದು. ಸಣ್ಣದಾಗಿರುವಾಗಲೇ ಹೇಳುವುದು ನಮ್ಮ ಉದ್ದೇಶ.

ಅವನನ್ನು ಬೈಯುವುದು ಸುಲಭ, ಆದರೆ ನ್ಯಾಯವಲ್ಲ. ಅಂಗಡಿಗೆ ಹೋದರೆ ಬೇಕಾದ ಒಂದು ವಾಷರ್ ಸಿಗುವುದಿಲ್ಲ, ಇಡೀ ಕಿಟ್ ಕೊಳ್ಳಿ ಅನ್ನುತ್ತಾರೆ. ಸ್ಟಾಕ್ ಇಲ್ಲ, ಹದಿನೈದು ದಿನ ಬಿಟ್ಟು ಬನ್ನಿ ಅನ್ನುತ್ತಾರೆ. ಹದಿನೈದು ದಿನ ಅಂದರೆ ಮಳೆಗಾಲದ ಮೀನುಗಾರಿಕೆಯ ಕಾಲು ಭಾಗ. ಅಷ್ಟರಲ್ಲಿ ಬಂಗುಡೆ, ಬೂತಾಯಿ, ಸಿಗಡಿ ದಡಕ್ಕೆ ಬಂದು ಹೋಗಿರುತ್ತವೆ. ಅತ್ತ ಪರದೆಯ ಮೇಲೆ ನೋಡಿದರೆ ಎಂಜಿನ್ನನ್ನು ಬಿಡಿಬಿಡಿಯಾಗಿ ಹರಡಿದ ಚಿತ್ರ, ಪ್ರತಿ ತುಂಡಿಗೂ ನಂಬರು, ಪಕ್ಕದಲ್ಲಿ ಅಂಗಡಿಗಿಂತ ಎಷ್ಟೋ ಕಡಿಮೆ ಬೆಲೆ. ಹಳೆಯ ಮಾದರಿಯ ಎಂಜಿನ್ ಇಟ್ಟುಕೊಂಡವರಿಗಂತೂ ಇದೊಂದೇ ದಾರಿ ಎನಿಸುವುದುಂಟು. ಅಮೆರಿಕ ಮತ್ತು ಕೆನಡಾದ ನಡುವೆ ಈ ರೂಢಿ ಹಳೆಯದು. 2020ರ ಮೇ ತಿಂಗಳಲ್ಲಿ ಕೆನಡಾದ ಬಿಆರ್‌ಪಿ ಕಂಪನಿ ಎವಿನ್‌ರೂಡ್ ಎಂಬ ನೂರು ವರ್ಷ ದಾಟಿದ ಔಟ್‌ಬೋರ್ಡ್ ಹೆಸರನ್ನೇ ಉತ್ಪಾದನೆಯಿಂದ ಕೈಬಿಟ್ಟಿತು. ಅಂಥ ಎಂಜಿನ್ ಇರುವವರು ಗಡಿಯಾಚೆಯ ಅಂಗಡಿಗಳ ದಾಸ್ತಾನಿನಲ್ಲಿ ಪಾರ್ಟ್ಸ್ ಹುಡುಕುವುದು ಸಹಜವೇ. ಅಲ್ಲಿ ಪಾರ್ಟ್ ಕೈಕೊಟ್ಟರೆ ಹೆಚ್ಚಿನವರು ಕಳೆದುಕೊಳ್ಳುವುದು ಸರೋವರದ ಮೇಲಿನ ಒಂದು ಶನಿವಾರವನ್ನು. ಉಪ್ಪುಂದದಲ್ಲೋ ಮರವಂತೆಯಲ್ಲೋ ಲೆಕ್ಕ ಬೇರೆ.

ನಮ್ಮ ಎಚ್ಚರಿಕೆಗೆ ಕಾರಣ ಮೂರು ಬದಲಾವಣೆಗಳು ಒಂದೇ ಹೊತ್ತಿಗೆ ಬಂದು ಸೇರುತ್ತಿರುವುದು.

ಒಂದು, ಸೀಮೆಎಣ್ಣೆ. ನಾಡದೋಣಿಗಳ ಎಂಜಿನ್ ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುವ ಟೂ-ಸ್ಟ್ರೋಕ್ ಜಾತಿಯದು. ಆ ಸೀಮೆಎಣ್ಣೆ ಸಿಗುವುದೇ ವರ್ಷದಿಂದ ವರ್ಷಕ್ಕೆ ಕಷ್ಟವಾಗಿ, ದೋಣಿಯವರು ಪೆಟ್ರೋಲ್ ಕಡೆ ವಾಲುತ್ತಿದ್ದಾರೆ.

ಎರಡು, ಆ ಪೆಟ್ರೋಲ್ ಹಳೆಯ ಪೆಟ್ರೋಲ್ ಆಗಿ ಉಳಿದಿಲ್ಲ. ಶೇ 20 ಎಥನಾಲ್ ಬೆರೆಸುವ ಗುರಿಯನ್ನು ಮೊದಲು 2030ಕ್ಕೆ ಇಡಲಾಗಿತ್ತು. ಅದನ್ನು 2025ರಲ್ಲೇ ಮುಟ್ಟಿದೆವು ಎಂದು ಕೇಂದ್ರ ಸರ್ಕಾರ ಹೆಮ್ಮೆಯಿಂದ ಹೇಳಿಕೊಂಡಿದೆ. ಕಾರು, ಬೈಕಿನವರು ಮೈಲೇಜ್ ಬಗ್ಗೆ ಗಲಾಟೆ ಮಾಡಿದರು, ಟಿವಿಯಲ್ಲಿ ಚರ್ಚೆಯಾಯಿತು. ದೋಣಿಯ ಎಂಜಿನ್ ಆ ಚರ್ಚೆಯಲ್ಲಿ ಎಲ್ಲೂ ಇರಲಿಲ್ಲ. ಔಟ್‌ಬೋರ್ಡ್ ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಶೇ 10ಕ್ಕಿಂತ ಹೆಚ್ಚು ಎಥನಾಲ್ ಇರುವ ಇಂಧನ ಹಾಕಬೇಡಿ ಎನ್ನುತ್ತವೆ. ಗಂಗೊಳ್ಳಿಯ ಪಂಪಿನಲ್ಲಿ ಬೇರೆ ಪೆಟ್ರೋಲ್ ಎಲ್ಲಿದೆ?

ಮೂರು, ಅಗ್ಗದ ಪೊಟ್ಟಣಗಳು ಹೊಸ ಮಾರುಕಟ್ಟೆ ಹುಡುಕುತ್ತಿವೆ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕವಿಲ್ಲ ಎಂಬ ಸವಲತ್ತನ್ನು ಅಮೆರಿಕ ಚೀನಾದ ಸರಕಿಗೆ 2025ರ ಮೇ 2ರಂದು, ಉಳಿದೆಲ್ಲ ದೇಶಗಳ ಸರಕಿಗೆ ಅದೇ ವರ್ಷದ ಆಗಸ್ಟ್ 29ರಂದು ನಿಲ್ಲಿಸಿತು. ಯುರೋಪ್ ಒಕ್ಕೂಟವೂ ತನ್ನ 150 ಯೂರೋ ವಿನಾಯಿತಿಯನ್ನು ಕೊನೆಗಾಣಿಸುವ ತೀರ್ಮಾನಕ್ಕೆ ಬಂದಿದೆ. ಅಲ್ಲಿಗೆ ಹೋಗುತ್ತಿದ್ದ ಸಣ್ಣಪುಟ್ಟ ಪಾರ್ಟ್ಸ್ ಮಾಡುವ ಕಾರ್ಖಾನೆಗಳು ಬಾಗಿಲು ಹಾಕಿಕೊಂಡು ಕೂರುವುದಿಲ್ಲ, ಗಿರಾಕಿ ಇರುವಲ್ಲಿಗೆ ತಿರುಗುತ್ತವೆ. ಅಲಿಎಕ್ಸ್‌ಪ್ರೆಸ್ ಎಂಬ ಚೀನೀ ಮಾರಾಟ ತಾಣವನ್ನು ಭಾರತ 2020ರ ನವೆಂಬರ್ 24ರಂದೇ ನಿಷೇಧಿಸಿದ್ದು ನಿಜ. ಆದರೆ ಸರಕು ತಾಣದ ಹೆಸರು ಹೇಳಿಕೊಂಡು ಬರುವುದಿಲ್ಲ. ಮಧ್ಯವರ್ತಿ ತಾಣದ ಮೂಲಕವೂ ಬಂದೀತು, ದುಬೈನಿಂದ ರಜೆಗೆ ಬರುವ ಭಾವನ ಸೂಟ್‌ಕೇಸಿನಲ್ಲೂ ಬಂದೀತು.

ಈ ಮೂರೂ ಸೇರುವುದು ರಬ್ಬರ್‌ನಲ್ಲಿ. ಔಟ್‌ಬೋರ್ಡ್ ಎಂದರೆ ಎಲ್ಲರ ಕಣ್ಣಿಗೆ ಬೀಳುವುದು ಕಬ್ಬಿಣ, ಅಲ್ಯೂಮಿನಿಯಂ. ಅದನ್ನು ಕಡಲ ನಡುವೆ ನಿಲ್ಲಿಸುವುದು ಹೆಚ್ಚಾಗಿ ರಬ್ಬರ್: ಇಂಧನ ಪಂಪಿನ ತೆಳ್ಳಗಿನ ಡಯಾಫ್ರಮ್, ಟ್ಯಾಂಕಿನಿಂದ ಬರುವ ಹೋಸ್ ಮತ್ತು ಕೈಯಲ್ಲಿ ಒತ್ತುವ ಬಲ್ಬ್, ಕಾರ್ಬ್ಯುರೇಟರ್ ಸೂಜಿಯ ತುದಿ, ಗೇರ್ ಪೆಟ್ಟಿಗೆಯ ಆಯಿಲ್ ಸೀಲ್, ನೀರಿನ ಪಂಪಿನ ಇಂಪೆಲ್ಲರ್. ಪರದೆಯ ಮೇಲಿನ ಫೋಟೋದಲ್ಲಿ ಒಳ್ಳೆಯ ರಬ್ಬರ್, ಕೆಟ್ಟ ರಬ್ಬರ್ ಎರಡೂ ಕಪ್ಪಗೇ ಇರುತ್ತವೆ. ಕೈಗೆ ಬಂದ ಮೇಲೂ ಗೊತ್ತಾಗುವುದಿಲ್ಲ. ಒಳಗಿನ ಮಿಶ್ರಣ ಎಂಥದ್ದು ಎಂದು ಗೊತ್ತಾಗುವುದು ಅದು ಎಥನಾಲ್‌ನಲ್ಲಿ ನೆನೆದ ಮೇಲೆ, ಉಪ್ಪುನೀರಿನಲ್ಲಿ ತಿರುಗಿದ ಮೇಲೆ. ಎಥನಾಲ್ ತಾಳಿಕೊಳ್ಳಲೆಂದು ಮಾಡದ ಅಗ್ಗದ ರಬ್ಬರ್ ಉಬ್ಬುತ್ತದೆ, ಮೆತ್ತಗಾಗುತ್ತದೆ, ಒಣಗಿದಾಗ ಬಿರಿಯುತ್ತದೆ. ಉಬ್ಬಿದ ಡಯಾಫ್ರಮ್ ಸರಿಯಾಗಿ ಬಡಿಯುವುದಿಲ್ಲ, ಎಂಜಿನ್‌ಗೆ ಸಾಕಷ್ಟು ಇಂಧನ ಮೇಲೆತ್ತುವುದಿಲ್ಲ. ದಡದಲ್ಲಿ ಸ್ಟಾರ್ಟ್ ಮಾಡಿ ನೋಡಿದರೆ ಎಲ್ಲ ಸರಿ ಇರುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟಾಗ, ಅಂದರೆ ತೆರೆಯನ್ನು ಸೀಳಿಕೊಂಡು ಅಳಿವೆ ದಾಟಲು ಶಕ್ತಿಯೆಲ್ಲ ಬೇಕಾದ ಹೊತ್ತಿನಲ್ಲೇ, ಎಂಜಿನ್ ಕೆಮ್ಮತೊಡಗುತ್ತದೆ.

ಅಳಿವೆ ಎಂದರೇನು ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು: ನದಿ ಕಡಲು ಸೇರುವ ಆ ಬಾಯಲ್ಲಿ ಮರಳಿನ ದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ, ಮಳೆಗಾಲದಲ್ಲಿ ಹೊಳೆಯ ಸೆಳೆತ ಹೊರಕ್ಕೆ, ಕಡಲ ತೆರೆ ಒಳಕ್ಕೆ. ದೋಣಿಯ ಮೂತಿ ತೆರೆಗೆ ನೇರವಾಗಿ ಇರುವವರೆಗೆ ಬದುಕು. ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ದೋಣಿಯನ್ನು ಮಗುಚಲು ಮುಂದಿನ ಒಂದು ತೆರೆ ಸಾಕು. ಹುಟ್ಟು ಹಾಕಿ ಸರಿಪಡಿಸುವಷ್ಟು ಹೊತ್ತು ಅಲ್ಲಿ ಸಿಗುವುದಿಲ್ಲ.

ಎಥನಾಲ್‌ನ ಇನ್ನೊಂದು ಗುಣ ಮೀನುಗಾರರಿಗೆ ಯಾರೂ ಬಿಡಿಸಿ ಹೇಳಿದಂತಿಲ್ಲ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆಷಾಢದ ಕರಾವಳಿಯಲ್ಲಿ ತೇವಕ್ಕೆ ಬರವೇ? ನೀರು ಒಂದು ಮಟ್ಟ ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಟೂ-ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಬೆರೆಸಿದ್ದು ಪೆಟ್ರೋಲ್‌ಗೆ, ಆ ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿಯುತ್ತದೆ. ಹೋಸ್ ಹೀರುವುದು ತಳದಿಂದ. ಎಂಜಿನ್ ಒಳಕ್ಕೆ ಹೋಗುವುದು ಆಯಿಲ್ ಇಲ್ಲದ ನೀರುಮಿಶ್ರಣ. ಒಂದೋ ಅಲ್ಲೇ ನಿಲ್ಲುತ್ತದೆ, ಇಲ್ಲವೇ ಪಿಸ್ಟನ್ ಜಾಮ್ ಆಗುತ್ತದೆ. ಇದರಲ್ಲಿ ಆನ್‌ಲೈನ್ ಪಾರ್ಟ್ಸಿನ ತಪ್ಪಿಲ್ಲ. ಆದರೆ ಹೀಗೆ ಮೊದಲೇ ಏದುಸಿರು ಬಿಡುತ್ತಿರುವ ಎಂಜಿನ್ನಿಗೆ ಗೊತ್ತುಗುರಿಯಿಲ್ಲದ ರಬ್ಬರ್ ಹಾಕಿದರೆ ಏನಾಗಿ ನಿಂತಿತು ಎಂದು ಪತ್ತೆಹಚ್ಚುವುದೂ ಕಷ್ಟ. ಮೆಕ್ಯಾನಿಕ್ ಪೆಟ್ರೋಲನ್ನು ದೂರುತ್ತಾನೆ, ಪಂಪಿನವನು ಎಂಜಿನ್ನನ್ನು ದೂರುತ್ತಾನೆ. ಪಾರ್ಟ್ ಮಾರಿದವನ ವಿಳಾಸವೇ ಯಾರಿಗೂ ಗೊತ್ತಿರುವುದಿಲ್ಲ.

ಇಂಪೆಲ್ಲರನ್ನೇ ತೆಗೆದುಕೊಳ್ಳಿ. ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದ ರಬ್ಬರ್ ಚಕ್ರ, ಸುತ್ತ ಆರೇಳು ರೆಕ್ಕೆ. ಎಂಜಿನ್ನಿನ ಕಾಲಿನೊಳಗೆ ಲೋಹದ ಬಟ್ಟಲಿನಲ್ಲಿ ಕೂತಿರುತ್ತದೆ. ಬಟ್ಟಲಿನ ನಟ್ಟನಡುವೆ ಅಲ್ಲ, ಕೊಂಚ ಒಂದು ಬದಿಗೆ ಸರಿದು. ಅದಕ್ಕೇ ಒಂದು ಕಡೆ ರೆಕ್ಕೆಗಳು ಮಡಚಿಕೊಳ್ಳುತ್ತವೆ, ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತವೆ. ಹಾಗೆ ಮಡಚಿ ಬಿಚ್ಚುವಾಗಲೇ ಕಡಲ ನೀರನ್ನು ಮೇಲಕ್ಕೆ ನೂಕಿ ಸಿಲಿಂಡರನ್ನು ತಂಪಾಗಿಡುತ್ತದೆ. ಹಿಂದಿನಿಂದ ಪಿಚಕಾರಿಯಂತೆ ನೀರು ಹಾರುತ್ತಿದೆಯೇ ಎಂದು ದೋಣಿಯವರು ಆಗಾಗ ತಿರುಗಿ ನೋಡುವುದು ಇದಕ್ಕಾಗಿ. ನಿಮಿಷಕ್ಕೆ ಸಾವಿರಾರು ಸಲ ಮಡಚುವ ರೆಕ್ಕೆ, ಜೊತೆಗೆ ಅಳಿವೆಯ ಮರಳು ಕಲಸಿದ ನೀರು. ಕಳಪೆ ರಬ್ಬರ್ ಮಡಚಿದ ರೂಪದಲ್ಲೇ ಗಟ್ಟಿಯಾಗಿಬಿಡುತ್ತದೆ, ಇಲ್ಲವೇ ಬುಡದಲ್ಲಿ ಸೀಳಿ ತುಂಡಾಗುತ್ತದೆ. ತುಂಡು ಅಲ್ಲೇ ಬಿದ್ದಿರದೆ ನೀರಿನ ಜೊತೆ ಮೇಲೆ ಹೋಗಿ ತಂಪುನೀರಿನ ಕಿರುದಾರಿಗೆ ಅಡ್ಡ ಕೂರುತ್ತದೆ. ಮುಂದಿನ ಸಲ ಹೊಸ ಅಸಲಿ ಇಂಪೆಲ್ಲರ್ ಹಾಕಿದರೂ ಎಂಜಿನ್ ಬಿಸಿಯಾಗುತ್ತಲೇ ಇರುತ್ತದೆ, ಏಕೆಂದರೆ ಹಳೆಯದರ ತುಣುಕು ಇನ್ನೂ ಒಳಗಿದೆ. ಅಂಗಡಿಯಲ್ಲಿ ಕೊಂಡದ್ದಾದರೆ ಬಟ್ಟಲು, ಗ್ಯಾಸ್ಕೆಟ್ ಸಮೇತ ಹೊತ್ತುಕೊಂಡು ಹೋಗಿ ಕೌಂಟರ್ ಮೇಲೆ ಕುಕ್ಕಿ ಜಗಳವಾಡಬಹುದಿತ್ತು.

ಇನ್ನು ನಂಬರಿನ ವಿಷಯ. ಯಮಹಾ ಪಾರ್ಟಿನ ನಂಬರ್ ಮುಖ್ಯವಾಗಿ ಮೂರು ತುಂಡಾಗಿರುತ್ತದೆ. ಉದಾಹರಣೆಗೆ 63ವಿ-44352-01. ನಡುವಿನ ಐದಂಕಿ ಇದು ಇಂಪೆಲ್ಲರ್ ಎಂದು ಹೇಳುತ್ತದೆ, ಮೊದಲ ಮೂರಕ್ಷರ ಯಾವ ಎಂಜಿನ್ ಕುಟುಂಬದ್ದು ಎಂದು, ಕೊನೆಯ ಎರಡು ಎಷ್ಟನೇ ಪರಿಷ್ಕರಣೆ ಎಂದು. ಬೇರೆ ಎಂಜಿನ್ನಿನ ಇಂಪೆಲ್ಲರ್‌ನಲ್ಲೂ ನಡುವೆ ಅದೇ 44352 ಇರುತ್ತದೆ. ಹುಡುಕಾಟದ ಪಟ್ಟಿಯಲ್ಲಿ ಅವೆಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ, ಮಾರುವವನು ಒಂದೇ ಫೋಟೋದ ಕೆಳಗೆ ಹತ್ತು ಮಾದರಿಯ ಹೆಸರು ಬರೆದಿರುತ್ತಾನೆ. ನಮ್ಮವರಿಗೆ ಇನ್ನೊಂದು ತೊಡಕು: ಒಂದೇ ಅಶ್ವಶಕ್ತಿಯ ಎಂಜಿನ್ ಪೆಟ್ರೋಲ್ ರೂಪದಲ್ಲೂ ಇರುತ್ತದೆ, ಸೀಮೆಎಣ್ಣೆ ರೂಪದಲ್ಲೂ ಇರುತ್ತದೆ. ಸೀಮೆಎಣ್ಣೆಯದರಲ್ಲಿ ಸಂಕೋಚನ ಕಡಿಮೆ, ಕಾರ್ಬ್ಯುರೇಟರ್‌ನ ಜೆಟ್ ಬೇರೆ. ಹೊರದೇಶದ ಮಾರಾಟಗಾರನಿಗೆ ಸೀಮೆಎಣ್ಣೆ ಎಂಜಿನ್ ಎಂಬುದೇ ಅಪರಿಚಿತ. ಅವನು ಕಳಿಸುವುದು ಪೆಟ್ರೋಲ್ ಎಂಜಿನ್ನಿನ ಪಾರ್ಟು. ಬೋಲ್ಟ್ ತೂತು ಸರಿಯಾಗಿ ಕೂರುತ್ತದೆ, ಎಂಜಿನ್ ಓಡುತ್ತದೆ, ಕೆಲವು ವಾರಗಳ ಬಳಿಕ ಕೈಕೊಡುತ್ತದೆ.

ನಕಲಿಯ ಕಥೆ ಇದಕ್ಕಿಂತ ಬೇರೆ, ಎರಡನ್ನೂ ಕಲಸಿಬಿಡಬಾರದು. ಪಾರ್ಸನ್, ಹೈಡಿಯಾ ಮುಂತಾದ ಚೀನೀ ಎಂಜಿನ್‌ಗಳು ಹಳೆಯ ಜಪಾನೀ ವಿನ್ಯಾಸವನ್ನು ಹೋಲುತ್ತವೆ, ಎಷ್ಟೋ ಪಾರ್ಟ್ಸ್ ಅದಲುಬದಲಾಗಿಯೂ ಕೂರುತ್ತವೆ. ಸ್ವಂತ ಹೆಸರಿನಲ್ಲಿ ಮಾರುವ ಇಂಥ ಬದಲಿ ಪಾರ್ಟ್ ಒಳ್ಳೆಯದಿರಬಹುದು, ಕೆಟ್ಟದ್ದಿರಬಹುದು, ವಂಚನೆಯಂತೂ ಅಲ್ಲ. ವಂಚನೆ ಎಂದರೆ ಯಾರದೋ ರಬ್ಬರಿಗೆ ಯಮಹಾ ಡಬ್ಬಿ, ಯಾರದೋ ಸ್ಪಾರ್ಕ್ ಪ್ಲಗ್ಗಿಗೆ ಎನ್‌ಜಿಕೆ ಅಚ್ಚು. ಎನ್‌ಜಿಕೆ ಪ್ಲಗ್ಗಿನ ನಕಲಿ ಜಗತ್ತಿನಾದ್ಯಂತ ಎಷ್ಟು ಹರಡಿದೆಯೆಂದರೆ ಅಸಲಿ ಗುರುತಿಸುವುದು ಹೇಗೆ ಎಂದು ಕಂಪನಿಯೇ ಪಾಠ ಹೇಳಬೇಕಾಗಿ ಬಂದಿದೆ.

ಕಸ್ಟಮ್ಸ್ ಇದೆಯಲ್ಲ, ಅವರು ನೋಡಿಕೊಳ್ಳುವುದಿಲ್ಲವೇ? ಇಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ನಮ್ಮ ಗಡಿಯ ಬಾಗಿಲು ಸುಂಕದ ಬಾಗಿಲು, ಗುಣಮಟ್ಟದ ಬಾಗಿಲಲ್ಲ. ನಕಲಿ ಬ್ರಾಂಡಿನ ಸರಕನ್ನು ತಡೆಯಲು 2007ರಲ್ಲಿ ಮಾಡಿದ ಬೌದ್ಧಿಕ ಹಕ್ಕುಗಳ ಆಮದು ನಿಯಮಗಳಿವೆ, ಕಂಪನಿ ಹೆಸರು ನೋಂದಾಯಿಸಿದ್ದರೆ ಕಸ್ಟಮ್ಸ್ ಅಂಥ ಸರಕನ್ನು ತಡೆಹಿಡಿಯಬಹುದು. ಆದರೆ ಆಮದು ಮಾಡಿಕೊಂಡವನ ಸ್ವಂತ ಬಳಕೆಗಾಗಿ ಬರುವ ಸಣ್ಣ ಪೊಟ್ಟಣಕ್ಕೂ ಪ್ರಯಾಣಿಕನ ಬ್ಯಾಗಿನಲ್ಲಿರುವ ವ್ಯಾಪಾರದ್ದಲ್ಲದ ವಸ್ತುವಿಗೂ ಈ ನಿಯಮಗಳು ಅನ್ವಯಿಸುವುದಿಲ್ಲ ಎಂದು ಅವೇ ಹೇಳುತ್ತವೆ. ಅಂದರೆ ಕಂಟೇನರ್‌ನಲ್ಲಿ ಬಂದ ನಕಲಿ ಸಿಕ್ಕಿಬೀಳಬಹುದು, ಒಂಟಿಯಾಗಿ ಕೊರಿಯರ್‌ನಲ್ಲಿ ಬಂದದ್ದು ನೇರ ಮನೆಗೆ. ನಾಡದೋಣಿಗೆ ಬರುವುದು ಎರಡನೆಯದೇ.

ಸುಂಕವನ್ನಂತೂ ಬಿಡುವುದಿಲ್ಲ. ವಸ್ತುವಿನ ಬೆಲೆಗೆ ಸಾಗಣೆ, ವಿಮೆ ಸೇರಿಸುತ್ತಾರೆ. ಆ ವೆಚ್ಚ ತಿಳಿಯದಿದ್ದರೆ ಸಾಗಣೆಗೆ ಶೇ 20ರವರೆಗೆ, ವಿಮೆಗೆ ಶೇ 1.125 ಎಂದು ಹಿಡಿಯುವ ನಿಯಮವೇ ಇದೆ. ಅದರ ಮೇಲೆ ಮೂಲ ಸುಂಕ, ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್, ಎಲ್ಲದರ ಮೇಲೆ ಐಜಿಎಸ್‌ಟಿ, ಕೊನೆಗೆ ಕೊರಿಯರ್ ಕಂಪನಿಯ ಸೇವಾಶುಲ್ಕ. ಪರದೆಯ ಮೇಲೆ ಕಂಡ ಅಗ್ಗ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ ಎಂದು ಕೂಡಿ ನೋಡುವವರು ಕಡಿಮೆ. ಇದನ್ನು ತಪ್ಪಿಸಲು ಕೆಲವು ಮಾರಾಟಗಾರರು ಡಬ್ಬಿಯ ಮೇಲೆ ಗಿಫ್ಟ್ ಎಂದು ಬರೆಯುತ್ತಾರೆ, ಬೆಲೆಯನ್ನು ನಾಲ್ಕೈದು ಡಾಲರ್ ಎಂದು ನಮೂದಿಸುತ್ತಾರೆ. ಆದರೆ ಅಂಚೆ, ಕೊರಿಯರ್‌ನಲ್ಲಿ ಬರುವ 5,000 ರೂಪಾಯಿವರೆಗಿನ ಉಡುಗೊರೆಗೆ ಇದ್ದ ವಿನಾಯಿತಿಯನ್ನು ಸರ್ಕಾರ 2019ರ ಡಿಸೆಂಬರ್‌ನಲ್ಲೇ ತೆಗೆದುಹಾಕಿದೆ, ಈಗ ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ ಅದು ಉಳಿದಿದೆ. ಸುಳ್ಳು ಬೆಲೆ ಬರೆದವನು ಗಡಿಯಾಚೆ ಆರಾಮಾಗಿರುತ್ತಾನೆ. 1962ರ ಕಸ್ಟಮ್ಸ್ ಕಾಯ್ದೆಯ ಕಣ್ಣಿಗೆ ಆಮದುದಾರ ಎಂದರೆ ಡಬ್ಬಿಯ ಮೇಲೆ ಹೆಸರಿರುವವನು. ಆ ಕಾಯ್ದೆಯ 111, 112ನೇ ಕಲಮುಗಳ ಪ್ರಕಾರ ಸರಕು ಜಪ್ತಿಯಾಗುವುದೂ ದಂಡ ಬೀಳುವುದೂ ಅವನಿಗೆ. ಕೆವೈಸಿ ಎಂದು ಆಧಾರ್ ಪ್ರತಿ ಕೊಟ್ಟಿರುವವನೂ ಅವನೇ.

ಇನ್ನು ಪರಿಹಾರ. ಮೀನುಗಾರ ದುಡಿಮೆಗಾಗಿ ಕೊಂಡ ಪಾರ್ಟು ವ್ಯಾಪಾರದ ಉದ್ದೇಶದ್ದು, ಆದ್ದರಿಂದ ಅವನು ಗ್ರಾಹಕನೇ ಅಲ್ಲ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡು ನಡೆಸಲು ಕೊಂಡದ್ದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರ ಎಂದು ಎಣಿಸುವುದಿಲ್ಲ. ದೂರನ್ನು ತಾನಿರುವ ಜಿಲ್ಲೆಯಲ್ಲೇ ಕೊಡಬಹುದು. 2020ರ ಇ-ಕಾಮರ್ಸ್ ನಿಯಮಗಳು ಭಾರತದಲ್ಲಿ ನೆಲೆಯಿಲ್ಲದೆಯೂ ಇಲ್ಲಿನವರಿಗೆ ವ್ಯವಸ್ಥಿತವಾಗಿ ಮಾರುವ ತಾಣಗಳಿಗೂ ಅನ್ವಯ, ದೂರಿಗೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಕಾಗದದ ಮೇಲೆ ಇಷ್ಟೆಲ್ಲ ಇದೆ. ಉಡುಪಿಯ ಗ್ರಾಹಕ ಆಯೋಗ ಆದೇಶ ಕೊಟ್ಟಿತು ಎಂದುಕೊಳ್ಳೋಣ, ಅದನ್ನು ಚೀನಾದ ಗ್ವಾಂಗ್‌ಝೌನ ಗೋದಾಮಿಗೆ ಜಾರಿ ಮಾಡುವವರು ಯಾರು? ದೂರು ಕೊಡಲು ಬಿಲ್ಲು ಬೇಕು, ಬೆಲೆ ಸುಳ್ಳು ಬರೆಸಿಕೊಂಡವನ ಬಿಲ್ಲು ಅವನನ್ನೇ ಸಿಕ್ಕಿಸುತ್ತದೆ.

ಈಗ ಒಬ್ಬೊಬ್ಬರ ನಷ್ಟದಾಚೆಗಿನ ಭಯ. ದಕ್ಕೆಯ ಬಳಿ ಔಟ್‌ಬೋರ್ಡ್ ಬಿಚ್ಚಿ ಕೂಡಿಸುವ ಮೆಕ್ಯಾನಿಕ್‌ಗಳು ಬರಿಯ ಕೂಲಿಯ ಮೇಲೆ ಬದುಕುವವರಲ್ಲ, ಪಾರ್ಟ್ಸಿನ ಮೇಲಿನ ಅಲ್ಪಸ್ವಲ್ಪ ಲಾಭವೂ ಅವರ ಅನ್ನ. ಸುಲಭದ, ಲಾಭದ ಪಾರ್ಟ್ಸೆಲ್ಲ ಮೊಬೈಲ್ ಪಾಲಾದರೆ ಅಂಗಡಿಯವನು ನಿಧಾನಕ್ಕೆ ಸ್ಟಾಕ್ ಇಡುವುದನ್ನೇ ಬಿಡುತ್ತಾನೆ. ಜುಲೈ ನಡುವಿನಲ್ಲಿ, ಕಡಲು ಒಂದು ದಿನ ಸುಮ್ಮನಾದಾಗ, ಒಂದು ಆಯಿಲ್ ಸೀಲ್ ತುರ್ತಾಗಿ ಬೇಕು. ಕೊರಿಯರ್‌ಗೆ ಮೂರು ವಾರ. ಅಂಗಡಿಯಲ್ಲಿ ಇಲ್ಲ. ಆಗ ಸೈಕಲ್ ಟ್ಯೂಬ್ ಕತ್ತರಿಸಿ ಕೂರಿಸುವ ಹಳೆಯ ವಿದ್ಯೆಯೇ ಗತಿ. ತಾನು ಮಾರದ ಪಾರ್ಟನ್ನು ಕೂರಿಸಿಕೊಟ್ಟ ಮೆಕ್ಯಾನಿಕ್ ಮುಂದೆ ಏನಾದರೂ ಆದರೆ ನನಗೆ ಗೊತ್ತಿಲ್ಲ ಅನ್ನುತ್ತಾನೆ, ಅನ್ನಲೇಬೇಕು. ಹೊಣೆ ಹೊರುವವರು ಹೀಗೆ ಒಬ್ಬೊಬ್ಬರಾಗಿ ಸರಿದುಹೋದಾಗ ಉಳಿಯುವವರು ದೋಣಿಯಲ್ಲಿ ಕೂತವರು ಮಾತ್ರ. ಡೀಲರುಗಳಿಗೂ ಒಂದು ಮಾತು ಹೇಳಬೇಕು: ಐದು ರೂಪಾಯಿಯ ಓ-ರಿಂಗಿಗೆ ಪೂರಾ ಅಸೆಂಬ್ಲಿ ಕಟ್ಟುವ ವ್ಯಾಪಾರ ನಿಲ್ಲಿಸದಿದ್ದರೆ ಗಿರಾಕಿಯನ್ನು ಗಡಿಯಾಚೆಗೆ ಅಟ್ಟಿದವರು ನೀವೇ ಆಗುತ್ತೀರಿ.

ಎಲ್ಲವನ್ನೂ ತರಿಸಬೇಡಿ ಎಂಬುದು ನಮ್ಮ ವಾದವಲ್ಲ. ಮೇಲ್ಮುಚ್ಚಳದ ಕೊಂಡಿ, ಹಿಡಿಕೆ, ಸ್ಟಾರ್ಟರಿನ ಹಗ್ಗ, ಅಳತೆ ಸರಿ ನೋಡಿ ಕೊಂಡ ಪ್ರೊಪೆಲ್ಲರ್ ಇಂಥವು ಎಲ್ಲಿಂದ ಬಂದರೂ ಕೆಟ್ಟರೆ ಕಣ್ಣಿಗೆ ಕಾಣುತ್ತವೆ. ಕೆಟ್ಟದ್ದು ಕಾಣದೆ ಎಂಜಿನ್ ನಿಲ್ಲಿಸುವಂಥವನ್ನು ಮಾತ್ರ ಅಪರಿಚಿತನಿಂದ ಕೊಳ್ಳಬಾರದು: ಇಂಪೆಲ್ಲರ್, ಡಯಾಫ್ರಮ್, ಇಂಧನದ ಹೋಸು, ಆಯಿಲ್ ಸೀಲು, ಸ್ಪಾರ್ಕ್ ಪ್ಲಗ್, ಕಿಡಿ ಹೊಡೆಸುವ ಸಿಡಿಐ ಪೆಟ್ಟಿಗೆ, ಕಿಲ್ ಸ್ವಿಚ್. ಕಾರಿನ ಹೋಸನ್ನೋ ಸ್ಟಾರ್ಟರ್ ಮೋಟಾರನ್ನೋ ಬೋಟಿಗೂ ಆಗುತ್ತದೆ ಎಂದು ಮಾರುವವರಿದ್ದಾರೆ. ಕಾರಿನ ಎಂಜಿನ್ನಿನ ಕೆಳಗೆ ಗಾಳಿಯಾಡುತ್ತದೆ, ಸೋರಿದ ಆವಿ ಹಾರಿಹೋಗುತ್ತದೆ. ಬೋಟಿನ ತಳದಲ್ಲಿ ಅದು ಮಡುಗಟ್ಟಿ ನಿಂತಿರುತ್ತದೆ, ಕಿಡಿಗೆ ಕಾಯುತ್ತದೆ. ಬೋಟಿಗೆಂದೇ ಮಾಡಿದ ಸ್ಟಾರ್ಟರಿನ ಕಿಡಿ ಹೊರಕ್ಕೆ ಬರದಂತೆ ಕಟ್ಟಿರುವುದು ಅದಕ್ಕೇ. ಒಳ್ಳೆಯ ಮರೈನ್ ಹೋಸಿನ ಮೈಮೇಲೆ ಎಸ್‌ಎಇ ಜೆ1527 ಅಥವಾ ಐಎಸ್‌ಒ 7840 ಎಂದು ಅಚ್ಚಾಗಿರುತ್ತದೆ. ಏನೂ ಅಚ್ಚಿಲ್ಲದ ನುಣುಪಾದ ಕಪ್ಪು ಕೊಳವೆಯನ್ನು ಗಿಡಕ್ಕೆ ನೀರು ಹಾಕಲು ಇಟ್ಟುಕೊಳ್ಳಿ. ಈಗಾಗಲೇ ತರಿಸಿಬಿಟ್ಟಿದ್ದೇವೆ ಎನ್ನುವವರು ಹೊಸ ಡಯಾಫ್ರಮ್ಮನ್ನು ಪಂಪಿನ ಪೆಟ್ರೋಲ್‌ನಲ್ಲಿ ವಾರವಿಡೀ ಮುಳುಗಿಸಿಟ್ಟು, ತೆಗೆದು, ಹಳೆಯ ಅಸಲಿಯ ಮೇಲಿಟ್ಟು ನೋಡಬಹುದು. ಅಂಚು ಅದರಿಂದ ಹೊರಗೆ ಚಾಚಿದ್ದರೆ ಎಸೆಯಿರಿ. ಚಾಚದಿದ್ದರೆ ಒಳ್ಳೆಯದೇ ಎಂಬ ಖಾತರಿ ಇಲ್ಲ, ತೀರಾ ಕೆಟ್ಟದ್ದಲ್ಲ ಎಂದಷ್ಟೇ.

ಸರ್ಕಾರ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಔಟ್‌ಬೋರ್ಡ್ ಕೊಳ್ಳಲು ಮೀನುಗಾರಿಕೆ ಇಲಾಖೆಯ ಸಹಾಯಧನ ಇದೆ. ಆ ಎಂಜಿನ್ ನಾಲ್ಕು ವರ್ಷ ಜೀವ ಹಿಡಿದುಕೊಂಡಿರಲು ಬೇಕಾದ ರಬ್ಬರಿಗೆ ಯೋಜನೆ ಇಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲಾ ಸಹಕಾರಿ ಮೀನು ಮಾರಾಟ ಫೆಡರೇಷನ್‌ನಂಥ ಸಂಸ್ಥೆಗಳು, ಉತ್ತರ ಕನ್ನಡದ ಮೀನುಗಾರರ ಸಹಕಾರಿ ಸಂಘಗಳು ಒಟ್ಟಾಗಿ, ಹೆಚ್ಚು ಕೆಡುವ ಹತ್ತು ಹನ್ನೆರಡು ಪಾರ್ಟ್ಸನ್ನು ತಯಾರಕರಿಂದ ಅಥವಾ ಅಧಿಕೃತ ಆಮದುದಾರರಿಂದ ಸಗಟಾಗಿ ತರಿಸಿ ದಕ್ಕೆಗಳ ಸೊಸೈಟಿಯಲ್ಲಿ ಇಡಬಹುದು. ಸಗಟಾಗಿ ಬಂದ ಸರಕಿಗೆ ಬಿಲ್ ಇರುತ್ತದೆ, ವಾರಂಟಿ ಇರುತ್ತದೆ, ನಕಲಿ ತಡೆಯುವ 2007ರ ನಿಯಮವೂ ಅನ್ವಯಿಸುತ್ತದೆ. ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಮಾರುಕಟ್ಟೆಯಲ್ಲಿ ಸಿಗುವ ಇಂಪೆಲ್ಲರ್, ಡಯಾಫ್ರಮ್‌ಗಳನ್ನು ಶೇ 20 ಎಥನಾಲ್ ಪೆಟ್ರೋಲ್‌ನಲ್ಲೂ ಉಪ್ಪುನೀರಿನಲ್ಲೂ ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸುವುದು ಈ ಎರಡು ಸಂಸ್ಥೆಗಳಿಗೆ ಒಂದು ಸೆಮಿಸ್ಟರಿನ ಪ್ರಾಜೆಕ್ಟ್. ನಾಡದೋಣಿಗಳಿಗೆ ಎಥನಾಲ್ ಇಲ್ಲದ ಅಥವಾ ಕಡಿಮೆ ಇರುವ ಪೆಟ್ರೋಲನ್ನು ಬಂದರಿನ ಪಂಪುಗಳಲ್ಲಿ ಕೊಡಲಾದೀತೇ ಎಂದು ರಾಜ್ಯವು ತೈಲ ಕಂಪನಿಗಳನ್ನು ಕೇಳಬೇಕು. ಕೇಳಲು ಖರ್ಚಿಲ್ಲ.

ದೋಣಿ ಅವಘಡವಾದಾಗ ಇಂದು ದಾಖಲೆಗೆ ಹೋಗುವುದು ಎತ್ತರದ ಅಲೆ, ಬಿರುಗಾಳಿ, ಜೊತೆಗೆ ‘ಎಂಜಿನ್ ಕೆಟ್ಟಿತ್ತು’ ಎಂಬ ಎರಡು ಪದ. ಎಂಜಿನ್ನಿನಲ್ಲಿ ಯಾವ ಪಾರ್ಟು, ಎಲ್ಲಿಂದ ತಂದದ್ದು ಎಂಬ ಒಂದು ಸಾಲನ್ನು ಕರಾವಳಿ ಕಾವಲು ಪೊಲೀಸರ ಮಹಜರಿನಲ್ಲೂ ಇಲಾಖೆಯ ವರದಿಯಲ್ಲೂ ಸೇರಿಸಲು ಹೊಸ ಕಾಯ್ದೆ ಬೇಡ, ಸುತ್ತೋಲೆ ಸಾಕು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಜಿಲ್ಲಾಧಿಕಾರಿಗಳು ಮೀನುಗಾರ ಮುಖಂಡರ ಸಭೆ ಕರೆಯುತ್ತಾರೆ. ಲೈಫ್ ಜಾಕೆಟ್, ಹವಾಮಾನ ಎಚ್ಚರಿಕೆ, ಸೀಮೆಎಣ್ಣೆ ಬಾಕಿಯ ಮಾತಾಗುತ್ತದೆ. ಬರುವ ಸಭೆಯ ಕಾರ್ಯಸೂಚಿಯಲ್ಲಿ ಬಿಡಿಭಾಗ ಎಂಬ ಪದವೂ ಇರಬೇಕು, ಸೊಸೈಟಿಗಳ ಬೇಡಿಕೆ ಪಟ್ಟಿ ಏಪ್ರಿಲ್‌ನಲ್ಲೇ ಹೋಗಬೇಕು. ಹಡಗಿನಲ್ಲಿ ಬರುವ ಸರಕು ಮಂಗಳೂರಿನಲ್ಲಿ ಇಳಿದು ಕೊಡೇರಿಗೋ ಅಳ್ವೆಕೋಡಿಗೋ ತಲುಪುವಷ್ಟರಲ್ಲಿ ಮೇ ಮುಗಿದಿರುತ್ತದೆ.